ದೇಶದ ಸಾಲವೂ ಸಂಸಾರದ ಸಾಲವೂ ಒಂದೇನಾ? ಗಿರ್ಮಿಟ್ ಪಂದ್ಯ ಕಟ್ಟಿದ್ದೇನೆ, ಬಲ್ಲವರು ಹೇಳಿ

ಉದ್ರಿ_ಅಂಗಡಿ

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನನ್ನದು ಕಿರಾಣಿ ಅಂಗಡಿ. ಅಪ್ಪನ ಕಾಲದ್ದು. ಗೋಡೆ ಮೇಲೆ 'ಇಂದು ನಗದು ನಾಳೆ ಉದ್ರಿ' ಅಂತ ಬೋರ್ಡ್ ಇದೆ. ಅದರ ಕೆಳಗಿನ ಮೊಳೆಗೇ ಉದ್ರಿ ಪುಸ್ತಕ ನೇತಾಡುತ್ತಿರುತ್ತದೆ.

ಮೊನ್ನೆ ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ನನಗೂ ನಮ್ಮ ಮಾವನಿಗೂ ವಾದ ಹತ್ತಿತು. ಮಾವ ಅಂದರೆ ಹೆಂಡತಿಯ ಸೋದರಮಾವ, ರಿಟೈರ್ಡ್ ಮಾಸ್ತರರು. ಅವರಿಗೆ ವಾಟ್ಸಾಪ್‌ನಲ್ಲಿ ಏನೋ ಬಂದಿತ್ತು, ಈ ದೇಶದಲ್ಲಿ ಹುಟ್ಟುವ ಪ್ರತಿ ಕೂಸಿನ ತಲೆ ಮೇಲೆ ಇಷ್ಟು ಸಾವಿರ ಸಾಲ ಇದೆ ಅಂತ. ಅದನ್ನ ಜೋರಾಗಿ ಓದಿ, 'ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸಂಸಾರವಾದರೇನು ಸರ್ಕಾರವಾದರೇನು' ಅಂದರು. ನಾನು ಸುಮ್ನೆ ಇರಬಹುದಿತ್ತು. ಇರಲಿಲ್ಲ. ದೇಶದ ಸಾಲ ಬೇರೆ, ಮನೆ ಸಾಲ ಬೇರೆ, ಅಮೆರಿಕ ಎಲ್ಲರಿಗಿಂತ ಜಾಸ್ತಿ ಸಾಲ ಮಾಡಿದೆ, ಯಾರಾದರೂ ಹೋಗಿ ಅದರ ಬಾಗಿಲಿಗೆ ಬೀಗ ಹಾಕಿದರೇನು ಅಂದೆ. ಮಾವ ಚಹಾ ಕಪ್ ಕೆಳಗಿಟ್ಟು, 'ಹಂಗಾದ್ರೆ ಶ್ರೀಲಂಕಾ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಪಂದ್ಯ ಕಟ್ಟಿದೆ. ಸೋತವರು ಒಂದು ವಾರ ಗಿರ್ಮಿಟ್, ಮಿರ್ಚಿ ಕೊಡಿಸಬೇಕು.

ಪಂದ್ಯದ ಮಾತು ಹಾಗಿರಲಿ, ನನ್ನನ್ನ ಕೊರೆಯುತ್ತಿರುವುದು ಬೇರೆ. ನಮ್ಮೂರಿನಲ್ಲಿ ಮನೆಗೆ ಮೂರು ನಾಲ್ಕು ಫೈನಾನ್ಸ್ ಸಾಲ ಇವೆ. ಮಂಗಳವಾರ ಕಂತು ಅಂದರೆ ಸೋಮವಾರ ನನ್ನ ಅಂಗಡಿಗೆ ನೊಣ ಬಿಟ್ಟರೆ ಯಾರೂ ಬರುವುದಿಲ್ಲ. ಬುಧವಾರ ಬರುತ್ತಾರೆ, ಉದ್ರಿ ಬರೆಸುತ್ತಾರೆ. ಎರಡು ವರ್ಷದ ಹಿಂದೆ ಪುಸ್ತಕದಲ್ಲಿ 40 ಸಾವಿರ ಇತ್ತು, ಈಗ 1 ಲಕ್ಷ 40 ಸಾವಿರ ದಾಟಿದೆ. ಒಂದು ಪುಟ ತೆಗೆದರೆ ಅರ್ಧ ಲೀಟರ್ ಎಣ್ಣೆ, ಕಾಲು ಕೇಜಿ ಸಕ್ಕರೆ, ಎರಡು ರೂಪಾಯಿ ಶಾಂಪೂ, ಮತ್ತೆ ಅರ್ಧ ಲೀಟರ್ ಎಣ್ಣೆ. ಯಾರೂ ಮೋಜು ಮಾಡಿದ್ದು ಅದರಲ್ಲಿ ಕಾಣುವುದಿಲ್ಲ.

ಮಾವ ಹೇಳೋದು ತಪ್ಪು ಸಾಲ ತಗೊಂಡವರದ್ದು ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಆದರೆ ಕೊಟ್ಟವರದ್ದು ತಪ್ಪು ಅಂದರೆ, ನಾನೂ ಕೊಟ್ಟವನೇ ಅಲ್ವಾ?

---

ಹಳೇ_ಕ್ಯಾಷಿಯರ್

ನಾನು 34 ವರ್ಷ ಬ್ಯಾಂಕಿನಲ್ಲಿದ್ದವನು. ಗಿರ್ಮಿಟ್‌ನಲ್ಲಿ ನನಗೂ ಒಂದು ಪ್ಲೇಟ್ ಇಡಿ, ಹೇಳುತ್ತೇನೆ.

ಮೊದಲು ಆ ತಲೆ ಲೆಕ್ಕ. ಒಟ್ಟು ಸಾಲವನ್ನು ಜನಸಂಖ್ಯೆಯಿಂದ ಭಾಗಿಸಿದರೆ ಹೆದರಿಸುವಂಥ ಅಂಕಿ ಬಂದೇ ಬರುತ್ತದೆ. ಆದರೆ ಆ ಸಾಲ ಯಾರಿಗೆ ಕೊಡಬೇಕಾದದ್ದು ಅಂತ ಆ ಮೆಸೇಜು ಹೇಳುವುದಿಲ್ಲ. ನಮ್ಮ ಕೇಂದ್ರ ಸರ್ಕಾರದ ಸಾಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಪಾಲು ದೇಶದ ಒಳಗೇ, ರೂಪಾಯಿಯಲ್ಲೇ ತಂದದ್ದು. ಕೊಟ್ಟವರು ಯಾರು? ಬ್ಯಾಂಕುಗಳು, ಎಲ್‌ಐಸಿ, ಪಿಎಫ್, ಸಣ್ಣ ಉಳಿತಾಯ. ಬ್ಯಾಂಕಿಗೆ ಬಂದ ಠೇವಣಿಯಲ್ಲಿ ನೂರಕ್ಕೆ 18 ರೂಪಾಯಿಯನ್ನು ಸರ್ಕಾರಿ ಬಾಂಡು (ಸರ್ಕಾರ ಸಾಲ ತಂದಾಗ ಬರೆದುಕೊಡುವ ಪತ್ರ), ಚಿನ್ನ, ನಗದು ಇಂಥದ್ದರಲ್ಲಿ ಇಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಹೆಚ್ಚಿನದೆಲ್ಲ ಬಾಂಡೇ. ಅಂದರೆ ನಿಮ್ಮ ಮಾವ ಪೆನ್ಷನ್ ದುಡ್ಡಲ್ಲಿ ಒಂದು ಎಫ್‌ಡಿ ಇಟ್ಟಿದ್ದರೆ, ಅವರು ಸಾಲಗಾರರೂ ಹೌದು, ಸಾಲ ಕೊಟ್ಟವರೂ ಹೌದು. ಕೂಸಿನ ತಲೆ ಮೇಲೆ ಸಾಲ ಹೊರಿಸುವಾಗ ಆ ಕೂಸಿನ ಅಜ್ಜನ ಪಾಸ್‌ಬುಕ್ಕನ್ನೂ ತೆಗೆದು ನೋಡಬೇಕು.

ಇನ್ನೊಂದು ವ್ಯತ್ಯಾಸ. ಮನುಷ್ಯನಿಗೆ ವಯಸ್ಸಾಗುತ್ತದೆ, ದುಡಿಮೆ ನಿಲ್ಲುತ್ತದೆ, ಅದಕ್ಕೆ ಬ್ಯಾಂಕು ವಯಸ್ಸು ಮೀರುವ ಮೊದಲು ಸಾಲ ತೀರಿಸು ಅನ್ನುತ್ತದೆ. ಸರ್ಕಾರಕ್ಕೆ ರಿಟೈರ್ಮೆಂಟ್ ಇಲ್ಲ. ಹಳೆ ಬಾಂಡ್ ತೀರಿಸಲು ಹೊಸ ಬಾಂಡ್ ಮಾರುತ್ತದೆ. ಇದನ್ನ ನೀವು ಮಾಡಿದರೆ ಒಂದು ದಿನ ಸಿಕ್ಕಿಬೀಳುತ್ತೀರಿ, ಸರ್ಕಾರ ನೂರು ವರ್ಷ ಮಾಡಬಹುದು. ಜಪಾನ್ ಸರ್ಕಾರದ ಸಾಲ ಆ ದೇಶದ ವರ್ಷದ ಉತ್ಪಾದನೆಯ ಎರಡು ಪಟ್ಟಿಗಿಂತ ಜಾಸ್ತಿ. ಬೀಗ ಬಿದ್ದಿಲ್ಲ. ತಮ್ಮದೇ ಯೆನ್‌ನಲ್ಲಿ, ಬಹುಪಾಲು ತಮ್ಮ ಜನರ ಹತ್ತಿರವೇ ತಂದ ಸಾಲ.

ಇಲ್ಲಿಯವರೆಗೆ ನೀವು ಗೆದ್ದಿರಿ. ಆದರೆ ಪೂರ್ತಿ ಗೆದ್ದಿಲ್ಲ.

2025-26ರ ಕೇಂದ್ರ ಬಜೆಟ್ 50.65 ಲಕ್ಷ ಕೋಟಿ. ಅದರಲ್ಲಿ ಬಡ್ಡಿಗೇ 12.76 ಲಕ್ಷ ಕೋಟಿ. ಅಸಲಲ್ಲ, ಬರೀ ಬಡ್ಡಿ. ಒಂದು ರಸ್ತೆಗೆ ಜಲ್ಲಿ ಸುರಿಯುವ ಮೊದಲೇ ರೂಪಾಯಿಯಲ್ಲಿ ನಾಲ್ಕಾಣೆ ಹೋಯಿತು. ಸಂಸಾರದಲ್ಲಿ ಸಂಬಳ ಬಂದ ದಿನವೇ ಕಾಲು ಭಾಗ ಬಡ್ಡಿಗೆ ಹೋದರೆ ಹೇಗಿರುತ್ತದೋ ಹಾಗೇ. ಅಷ್ಟರಮಟ್ಟಿಗೆ ಮಾವನೂ ಸರಿ.

ಇನ್ನು ರಾಜ್ಯ ಸರ್ಕಾರ ನೋಟು ಮುದ್ರಿಸುವಂತಿಲ್ಲ. ಕೇಂದ್ರದ ಸಾಲ ಬಾಕಿ ಇದ್ದರೆ ಸಂವಿಧಾನದ 293ನೇ ವಿಧಿ ಪ್ರಕಾರ ಹೊಸ ಸಾಲಕ್ಕೆ ದಿಲ್ಲಿಯ ಒಪ್ಪಿಗೆ ಕೇಳಬೇಕು. ಮಂಗಳವಾರ ರಿಸರ್ವ್ ಬ್ಯಾಂಕ್ ರಾಜ್ಯಗಳ ಬಾಂಡ್ ಹರಾಜು ಹಾಕುತ್ತದೆ. ನಿಮ್ಮೂರಲ್ಲಿ ಕಂತಿನ ಮಂಗಳವಾರ, ವಿಧಾನಸೌಧಕ್ಕೆ ಸಾಲದ ಮಂಗಳವಾರ. ಸಂಸಾರಕ್ಕೆ ಹತ್ತಿರ ಇರುವುದು ರಾಜ್ಯದ ಸಾಲವೇ, ದೇಶದ್ದಲ್ಲ. ಕರ್ನಾಟಕ ಈ ವಿಷಯದಲ್ಲಿ ಮೊದಲು ಶಿಸ್ತಿನ ಹುಡುಗ. 2002ರಲ್ಲಿ ಹಣಕಾಸು ಹೊಣೆಗಾರಿಕೆ ಕಾಯ್ದೆ ಮಾಡಿದ್ದು ದೇಶದಲ್ಲೇ ಮೊದಲು ನಾವು, ಕೇಂದ್ರ ಮಾಡಿದ್ದು ಅದರ ಮುಂದಿನ ವರ್ಷ. ಒಟ್ಟು ಸಾಲ ರಾಜ್ಯದ ಉತ್ಪಾದನೆಯ 25% ದಾಟಬಾರದು ಅಂತ ಗೆರೆ. 2025-26ರ ಬಜೆಟ್‌ನಲ್ಲಿ ವರ್ಷದ ಕೊನೆಗೆ 7.64 ಲಕ್ಷ ಕೋಟಿ ಸಾಲ, ಅಂದರೆ 24.91% ಅಂತ ತೋರಿಸಿದ್ದಾರೆ. ಗೆರೆ ದಾಟಿಲ್ಲ. ಬೆರಳು ಮಾತ್ರ ಗೆರೆ ಮೇಲೇ ಇದೆ. ನನಗೆ ಅದಕ್ಕಿಂತ ಕಣ್ಣಿಗೆ ಹೊಡೆದದ್ದು 19,262 ಕೋಟಿ ರಾಜಸ್ವ ಕೊರತೆ. ಸಾಲ ಮಾಡಿ ಬಾವಿ ತೋಡಿಸಿದರೆ ನೀರು ಬರುತ್ತದೆ. ರಾಜಸ್ವ ಕೊರತೆ ಅಂದರೆ ಸಾಲ ಮಾಡಿ ದಿನದ ಅಡುಗೆ ಮಾಡಿದ ಲೆಕ್ಕ.

1991 ನೆನಪಿದೆಯಾ ಯಾರಿಗಾದರೂ? ಡಾಲರ್ ಖಾಲಿಯಾಗಿ, ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟು ಉಳಿದಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನಕ್ಕೆ ಹಾಕಿ ಹೊರಗೆ ಕಳಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್, ಬ್ಯಾಂಕ್ ಆಫ್ ಜಪಾನ್ ಹತ್ತಿರ ಒತ್ತೆ ಇಟ್ಟಿತು. ಆಗ ನಾನು ಒಂದು ತಾಲೂಕು ಬ್ರಾಂಚಿನಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿದ್ದೆ. ಬೋರಮಾಳ ಸರ ತಂದ ಒಬ್ಬ ಅಜ್ಜಿ, ತಲೆ ಮೇಲಿನ ಸೆರಗು ಸರಿ ಮಾಡಿಕೊಂಡು, 'ದೇಶಾನೇ ಇಟ್ಟದಂತೆ, ನನಗ್ಯಾಕೆ ನಾಚಿಕೆ' ಅಂದಳು. ಸರ ತೂಗಿದೆ. ಎರಡೂವರೆ ತೊಲೆ ಇತ್ತು.

---

ಇಎಂಐ_ವೀರ

ಸಂಸಾರ, ದೇಶ ಎಲ್ಲ ಬಿಡಿ ಸರ್. ನಾನು ಬೆಂಗಳೂರಲ್ಲಿ ಐಟಿ ಕೆಲಸ, ತಿಂಗಳಿಗೆ 90 ಸಾವಿರ, ಮೂರು ಕ್ರೆಡಿಟ್ ಕಾರ್ಡ್, ಒಂದು ಪರ್ಸನಲ್ ಲೋನ್, ಬಡ್ಡಿ ಇಲ್ಲದ ಇಎಂಐ ಅಂತ ತಗೊಂಡ ಫೋನು, ಅದರ ಜೊತೆ ಬೇಡದಿದ್ರೂ ತಗೊಂಡ ವಾಚು. ತಿಂಗಳ 5ನೇ ತಾರೀಕಿಗೆ ಖಾತೇಲಿ ಎಷ್ಟಿರುತ್ತೆ ಅಂತ ಕೇಳಬೇಡಿ. ಆದ್ರೂ ದಿನಾ ಫೋನ್ ಬರುತ್ತೆ, 'ಸರ್, ನಿಮಗೆ 8 ಲಕ್ಷ ಪ್ರೀ ಅಪ್ರೂವ್ಡ್'. ನನ್ನ ಅಪ್ಪ 20 ಸಾವಿರ ಬೆಳೆ ಸಾಲಕ್ಕೆ ಸೊಸೈಟಿ ಬಾಗಿಲಿಗೆ ಆರು ಸಲ ಹೋಗಿದ್ರು, ಪಹಣಿ, ಜಾಮೀನು, ಎರಡು ಫೋಟೋ ಹಿಡಿದುಕೊಂಡು.

ಉದ್ರಿ ಅಂಗಡಿ ಅಣ್ಣಾ, ನೀವು ಅಜಾಗರೂಕ ಸಾಲ ಕೊಟ್ಟವರಲ್ಲ. ನೀವು ಮುಖ ನೋಡಿ ಕೊಡ್ತೀರಿ. ನನಗೆ ಕೊಟ್ಟವರು ನನ್ನ ಮುಖಾನೇ ನೋಡಿಲ್ಲ.

---

ಕೊಲಂಬೋದಲ್ಲಿದ್ದೆ

ಶ್ರೀಲಂಕಾ ಹೆಸರು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಮೂಲ ತುಮಕೂರು. ಗಾರ್ಮೆಂಟ್ಸ್ ಕ್ವಾಲಿಟಿ ಕೆಲಸದಲ್ಲಿ 2018ರಿಂದ 2023ರವರೆಗೆ ಕಟುನಾಯಕೆ ಕಡೆ ಇದ್ದೆ. ವಿಮಾನ ನಿಲ್ದಾಣದ ಪಕ್ಕದ ಕೈಗಾರಿಕಾ ವಲಯ. ನಾನು ಅರ್ಥಶಾಸ್ತ್ರ ಓದಿದವನಲ್ಲ, ಕ್ಯೂನಲ್ಲಿ ನಿಂತವನು. ನಿಂತಲ್ಲೇ ಓದಿಕೊಂಡಿದ್ದು ಇದೆಲ್ಲ.

ಎಲ್ಲರೂ ಮೊದಲು ಹೇಳೋದು ಚೀನಾ, ಅದರ ಸಾಲದಲ್ಲಿ ಕಟ್ಟಿದ ಹಂಬನತೋಟ ಬಂದರು. ಆ ಬಂದರು ದಂಡದ ಕೆಲಸ ಅನ್ನೋದರಲ್ಲಿ ಅನುಮಾನ ಇಲ್ಲ. 2017ರಲ್ಲಿ 99 ವರ್ಷಕ್ಕೆ ಚೀನಾದ ಕಂಪನಿಗೆ ಗುತ್ತಿಗೆ ಕೊಟ್ಟರು. ಹತ್ತಿರದ ಮತ್ತಲ ವಿಮಾನ ನಿಲ್ದಾಣದಲ್ಲಿ ವಿಮಾನಕ್ಕಿಂತ ನವಿಲು ಜಾಸ್ತಿ ಅಂತ ನಮ್ಮ ಲೈನಿನ ಹುಡುಗಿಯರು ನಗುತ್ತಿದ್ದರು. ಆದರೆ ಹೊರಗಿನ ಸಾಲದಲ್ಲಿ ಚೀನಾದ ಪಾಲು ಸುಮಾರು ಐದರಲ್ಲೊಂದು. ಕುತ್ತಿಗೆ ಹಿಡಿದದ್ದು ಡಾಲರ್ ಬಾಂಡುಗಳು. 2007ರಲ್ಲಿ ಮೊದಲ ಸಲ 50 ಕೋಟಿ ಡಾಲರ್, 8.25% ಬಡ್ಡಿಗೆ ತಂದರು. ರುಚಿ ಹತ್ತಿತು. ವಿಶ್ವಬ್ಯಾಂಕಿನ ಸಾಲ ಆದರೆ ಅಗ್ಗ, ನಿಧಾನವಾಗಿ ತೀರಿಸಬಹುದು, ಆದರೆ ಸಾವಿರ ಪ್ರಶ್ನೆ ಕೇಳ್ತಾರೆ. ಬಾಂಡ್ ತಗೊಳ್ಳುವವರು ಏನೂ ಕೇಳುವುದಿಲ್ಲ, ಬಡ್ಡಿ ಜಾಸ್ತಿ, ಅಸಲು ಒಂದೇ ಕಂತಿನಲ್ಲಿ. ಮೀಟರ್ ಬಡ್ಡಿಯವನಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ಅವನೂ ಏನೂ ಕೇಳುವುದಿಲ್ಲ.

ಕ್ಯಾಷಿಯರ್ ಸರ್ ಹೇಳಿದ ರೂಪಾಯಿ ಸಾಲ, ಯೆನ್ ಸಾಲದ ಮಾತು ಇಲ್ಲಿ ಬರುತ್ತೆ. ಲಂಕಾದವರು ತಮ್ಮ ರೂಪಾಯಿ ಎಷ್ಟು ಬೇಕಾದರೂ ಮುದ್ರಿಸಬಹುದು. ಡಾಲರ್ ಮುದ್ರಿಸುವಂತಿಲ್ಲ. ಡಾಲರ್ ಬರೋದು ಟೀ, ಗಾರ್ಮೆಂಟ್ಸ್, ಪ್ರವಾಸಿಗರು, ಗಲ್ಫ್‌ನಲ್ಲಿ ದುಡಿಯುವವರು ಕಳಿಸೋದು. 2019ರ ಏಪ್ರಿಲ್‌ನಲ್ಲಿ ಈಸ್ಟರ್ ಬಾಂಬ್, ಆಮೇಲೆ ಕೊರೋನಾ, ಪ್ರವಾಸಿಗರು ಇಲ್ಲ. ಅದೇ 2019ರ ಡಿಸೆಂಬರ್‌ನಲ್ಲಿ ಹೊಸ ಸರ್ಕಾರ ವ್ಯಾಟ್ ತೆರಿಗೆಯನ್ನ 15%ನಿಂದ 8%ಗೆ ಇಳಿಸಿತು. ಅಂಗಡಿಗೆ ಗಿರಾಕಿ ಕಮ್ಮಿಯಾದ ವರ್ಷವೇ ಸಾಮಾನನ್ನ ಅರ್ಧ ಬೆಲೆಗೆ ಕೊಟ್ಟಂಗೆ. ಜನ ಪಟಾಕಿ ಹೊಡೆದರು, ಸುಳ್ಳಲ್ಲ, ನಮ್ಮ ಬೀದಿಯಲ್ಲೇ ಹೊಡೆದರು. 2021ರಲ್ಲಿ ರಾಸಾಯನಿಕ ಗೊಬ್ಬರ ರಾತ್ರೋರಾತ್ರಿ ನಿಷೇಧ. ಸಾವಯವ ಅಂತ ಹೆಸರು. ಡಾಲರ್ ಉಳಿಸೋದೂ ಅದರ ಹಿಂದೆ ಇತ್ತು. ಭತ್ತದ ಇಳುವರಿ ಬಿತ್ತು, ಅಕ್ಕಿ ಆಮದು ಮಾಡಬೇಕಾಯಿತು, ಅದಕ್ಕೂ ಡಾಲರ್.

2022ರ ಜನವರಿ 18. ಈ ದಿನ ನಾನು ಮರೆಯುವುದಿಲ್ಲ. ಔಷಧಿ ಸಿಗ್ತಿಲ್ಲ, ಹಾಲಿನ ಪುಡಿ ಸಿಗ್ತಿಲ್ಲ, ಗ್ಯಾಸ್ ಸಿಗ್ತಿಲ್ಲ. ಆ ದಿನ ಸರ್ಕಾರ 50 ಕೋಟಿ ಡಾಲರ್ ಬಾಂಡನ್ನ ಚಾಚೂ ತಪ್ಪದೆ ತೀರಿಸಿತು. ಮರ್ಯಾದೆ ಉಳಿಸಿಕೊಳ್ಳೋಕೆ. ಮೂರು ತಿಂಗಳಾಗುವ ಮೊದಲೇ, ಏಪ್ರಿಲ್ 12ಕ್ಕೆ, ಇನ್ನು ಹೊರಗಿನ ಸಾಲ ಕಟ್ಟೋಕೆ ಆಗಲ್ಲ ಅಂತ ಕೈ ಎತ್ತಿದರು. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ. ಕೈ ಎತ್ತೋದೇ ಆಗಿದ್ದರೆ ಜನವರಿಯಲ್ಲೇ ಎತ್ತಬಹುದಿತ್ತಲ್ಲ, ಆ ಡಾಲರಿನಲ್ಲಿ ಔಷಧಿ ಬರ್ತಿತ್ತು.

ಮಾರ್ಚ್ ಕೊನೆಯಲ್ಲಿ ದಿನಕ್ಕೆ 13 ಗಂಟೆ ಕರೆಂಟ್ ಇಲ್ಲ. ಶಾಲೆ ಪರೀಕ್ಷೆ ಮುಂದೆ ಹಾಕಿದರು, ಕಾರಣ ಏನು ಗೊತ್ತಾ, ಪ್ರಶ್ನೆ ಪತ್ರಿಕೆಗೆ ಕಾಗದ ಇಲ್ಲ. ಅಲ್ಲಿ ಪೆಟ್ರೋಲ್ ಬಂಕಿಗೆ ಶೆಡ್ ಅಂತಾರೆ. ನಮ್ಮ ಡ್ರೈವರ್ ತನ್ನ ತ್ರೀವೀಲರನ್ನ ಎರಡು ರಾತ್ರಿ ಶೆಡ್ ಕ್ಯೂನಲ್ಲಿ ಬಿಟ್ಟು ಅದರಲ್ಲೇ ಮಲಗಿದ್ದ. ಮುಂದಿನವರು ಗಾಡಿ ಸ್ಟಾರ್ಟ್ ಮಾಡುವುದಿಲ್ಲ, ಇರುವ ಪೆಟ್ರೋಲ್ ಖರ್ಚಾಗುತ್ತೆ ಅಂತ ತಳ್ಳಿಕೊಂಡೇ ಹೋಗುತ್ತಾರೆ. ಸಾವಿರ ಗಾಡಿ, ಒಂದಕ್ಕೂ ಸದ್ದಿಲ್ಲ. ಬರೀ ಚಕ್ರ ಉರುಳೋ ಸದ್ದು. ಜುಲೈ ಹೊತ್ತಿಗೆ ಕ್ಯೂಆರ್ ಕೋಡ್ ತಂದರು, ಬೈಕಿಗೆ ವಾರಕ್ಕೆ 4 ಲೀಟರ್, ತ್ರೀವೀಲರ್‌ಗೆ 5. ಅದೇ ಜುಲೈನಲ್ಲಿ ಅಧ್ಯಕ್ಷರು ದೇಶ ಬಿಟ್ಟು ಹೋದರು. ಸೆಪ್ಟೆಂಬರ್‌ನಲ್ಲಿ ಹಣದುಬ್ಬರ 70%ರ ಹತ್ತಿರ.

ಉದ್ರಿ ಅಂಗಡಿಯವರ ಪ್ರಶ್ನೆಗೆ ಬರ್ತೀನಿ, ತಪ್ಪು ಯಾರದ್ದು ಅನ್ನೋದಕ್ಕೆ. 8% ಬಡ್ಡಿ ಯಾಕೆ ಕೇಳಿದರು ಬಾಂಡ್‌ನವರು? ಈ ದೇಶ ಮುಳುಗಬಹುದು ಅಂತ ಗೊತ್ತಿತ್ತು, ಅದಕ್ಕೇ. ಅಪಾಯದ ಬೆಲೆಯನ್ನ ಮೊದಲೇ ವಸೂಲಿ ಮಾಡಿದರು. ಮುಳುಗಿದ ಮೇಲೆ ವರ್ಷಗಟ್ಟಲೆ ಚೌಕಾಸಿ ಮಾಡಿ, 2024ರಲ್ಲಿ ಅಸಲಿನಲ್ಲಿ ನೂರಕ್ಕೆ 27ರಷ್ಟು ಬಿಡೋದಕ್ಕೆ ಒಪ್ಪಿದರು. ಅವರ ಜೊತೆ ಇನ್ನೊಬ್ಬರಿಗೂ ಹೊಡೆತ ಬಿತ್ತು. ಒಳಗಿನ ಸಾಲ ಸರಿಪಡಿಸೋ ಹೆಸರಲ್ಲಿ 2023ರಲ್ಲಿ ಕಾರ್ಮಿಕರ ಇಪಿಎಫ್ ಹತ್ತಿರ ಇದ್ದ ಬಾಂಡುಗಳನ್ನ ಕಡಿಮೆ ಬಡ್ಡಿಯ ಬಾಂಡಿಗೆ ಬದಲಾಯಿಸಿದರು. ನಮ್ಮ ಲೈನಿನಲ್ಲಿ ಕಾಲರ್ ಹೊಲಿಯುವ ಹೆಂಗಸು, 19 ವರ್ಷ ಸರ್ವೀಸು, ನನ್ನ ಕೇಳಿದಳು, 'ಸರ್, ನಾನು ಯಾವಾಗ ಸರ್ಕಾರಕ್ಕೆ ಸಾಲ ಕೊಟ್ಟೆ?'

---

ಮಂಡ್ಯದ_ಟೈಲರ್_ಅಕ್ಕ

ನಾನೂ ಕಾಲರ್ ಹೊಲಿಯೋಳೇ. ಗಾರ್ಮೆಂಟ್ಸ್ ಅಲ್ಲ, ಮನೆಯಲ್ಲಿ. ಇಲ್ಲಿ ಯಾವತ್ತೂ ಬರೆದಿಲ್ಲ, ಬರೀ ಓದೋದು. ಮಗ ಟೈಪ್ ಮಾಡೋದು ಹೇಳಿಕೊಟ್ಟ.

ಮೊದಲ ಸಂಘದ ಸಾಲ 30 ಸಾವಿರ. ಪವರ್ ಮಿಷನ್ ತಗೊಂಡೆ. ದೇವರಾಣೆ ಒಳ್ಳೇದಾಯಿತು. ಒಂದು ಕಂತೂ ತಪ್ಪಿಸಲಿಲ್ಲ. ತಪ್ಪಿಸದೇ ಇದ್ದಿದ್ದೇ ತಪ್ಪಾಯಿತೋ ಏನೋ. ಸಾಲ ತೀರುವುದಕ್ಕೆ ಎರಡು ತಿಂಗಳು ಇರುವಾಗಲೇ ಹುಡುಗ ಬಂದ, 'ಅಕ್ಕಾ ನಿಮ್ಮ ರೆಕಾರ್ಡ್ ಚೆನ್ನಾಗಿದೆ, 60 ಕೊಡ್ತೀವಿ'. ಮನೆ ಶೀಟು ತೂತಾಗಿತ್ತು, ತಗೊಂಡೆ. ಆಮೇಲೆ ಅತ್ತೆಗೆ ಸೊಂಟ ಮುರೀತು, ಎರಡನೇ ಕಂಪನಿ. ಆ ಕಂತು ಕಟ್ಟೋಕೆ ಮೂರನೇದು. ನಾಲ್ಕನೇದು ಯಾತಕ್ಕೆ ತಗೊಂಡೆ ಅಂತ ಈಗ ಸರಿಯಾಗಿ ನೆನಪಿಲ್ಲ, ಮೂರನೇದಕ್ಕೇ ಇರಬೇಕು.

ಮನೆಯವರು ಗಾರೆ ಕೆಲಸ. ಇಬ್ಬರದೂ ಸೇರಿ ತಿಂಗಳಿಗೆ 18 ಸಾವಿರ ಬಂದರೆ ಹೆಚ್ಚು. ಕಂತು ಎಲ್ಲಾ ಸೇರಿ 11,500. ಫಾರಂ ತುಂಬೋವಾಗ ಆ ಹುಡುಗನೇ ಆದಾಯ 25 ಸಾವಿರ ಅಂತ ಬರೆದ. ಅಷ್ಟು ಬರಲ್ಲ ಕಣಪ್ಪಾ ಅಂದೆ. 'ಸುಮ್ನೆ ಇರಿ ಅಕ್ಕಾ, ಸಿಸ್ಟಮ್ ತಗೋಬೇಕಲ್ಲ' ಅಂದ.

ಹತ್ತು ಜನ ಹೆಂಗಸರು ಒಂದು ಗುಂಪು. ಒಬ್ಬಳು ಕಟ್ಟದಿದ್ದರೆ ಮಿಕ್ಕ ಒಂಬತ್ತು ಜನ ಹಾಕಬೇಕು, ಹಾಕೋವರೆಗೂ ಯಾರೂ ಏಳಂಗಿಲ್ಲ. ಒಂದಿನ ಆ ಒಬ್ಬಳು ನಾನೇ ಆದೆ. ಹುಡುಗ ನಮ್ಮ ಜಗುಲಿ ಮೇಲೆ ರಾತ್ರಿ ಎಂಟೂವರೆವರೆಗೂ ಕೂತಿದ್ದ. ಬೈಯಲಿಲ್ಲ, ಕೂಗಾಡಲಿಲ್ಲ. ಬರೀ ಕೂತಿದ್ದ. ಒಂಬತ್ತು ಜನ ಹೆಂಗಸರೂ ಕೂತಿದ್ದರು, ಅವರ ಮನೇಲಿ ಅಡುಗೆ ಆಗಿಲ್ಲ. ಎಲ್ಲಾ ನನ್ನ ಮುಖಾನೇ ನೋಡ್ತಾರೆ. ಬೈದಿದ್ದರೆ ವಾಸಿ ಇತ್ತು. ಒಳಗೆ ಹೋಗಿ ಕಿವಿ ಓಲೆ ಬಿಚ್ಚಿ ಎದುರು ಮನೆಯವಳ ಕೈಲಿ ಕೊಟ್ಟು 2,900 ತಂದು ಕಟ್ಟಿದೆ. ಆ ಹುಡುಗನಿಗೆ 22 ವರ್ಷ ಇರಬಹುದು. ಅವನಿಗೂ ಟಾರ್ಗೆಟ್ ಅಂತೆ, ಹೋಗೋವಾಗ ನೀರು ಕೇಳಿ ಕುಡಿದ.

2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತಲ್ಲ, ಕಿರುಕುಳ ಕೊಟ್ಟರೆ 10 ವರ್ಷ ಜೈಲು, 5 ಲಕ್ಷ ದಂಡ ಅಂತ, ಆಮೇಲೆ ಸ್ವಲ್ಪ ದಿನ ಯಾರೂ ಬರಲಿಲ್ಲ. ಈಗ ಬರ್ತಾರೆ. ಮೆತ್ತಗೆ ಮಾತಾಡ್ತಾರೆ. ಸಾಲ ಹಾಗೇ ಇದೆ.

ಒಂದು ಮಾತು ಕೇಳಬೇಕು, ನಗಬೇಡಿ. ಗೃಹಲಕ್ಷ್ಮಿ 2000 ಬಂದ ದಿನವೇ ಕಂತಿಗೆ ಹೋಗುತ್ತೆ, ನಮ್ಮ ಗುಂಪಲ್ಲಿ ಎಲ್ಲರದ್ದೂ ಅಷ್ಟೇ. ಸರ್ಕಾರ ಸಾಲ ತಂದು ನನಗೆ ಕೊಡುತ್ತೆ. ನಾನು ಫೈನಾನ್ಸ್‌ಗೆ ಕೊಡ್ತೀನಿ. ಫೈನಾನ್ಸ್‌ನವರು ಬ್ಯಾಂಕಿಂದ ಸಾಲ ತಂದಿರ್ತಾರಂತೆ, ಅವರು ಬ್ಯಾಂಕಿಗೆ ಕಟ್ಟುತ್ತಾರೆ. ಬ್ಯಾಂಕು ಸರ್ಕಾರದ ಬಾಂಡ್ ತಗೊಳ್ಳುತ್ತೆ ಅಂತ ಕ್ಯಾಷಿಯರ್ ಸರ್ ಮೇಲೆ ಬರೆದಿದ್ದಾರೆ. ಹಂಗಾದ್ರೆ ಆ 2000 ಸುತ್ತು ಹೊಡೆದು ಅಲ್ಲಿಗೇ ಹೋಯಿತಾ? ಮಧ್ಯ ನನ್ನ ಕೈಲಿ ಎಷ್ಟು ಹೊತ್ತಿತ್ತು?

---

ಇಎಂಐ_ವೀರ

ಅಕ್ಕಾ, ಕೊನೇ ಪ್ಯಾರಾ ಎರಡು ಸಲ ಓದಿದೆ. ಇದಕ್ಕೆ ಉತ್ತರ ಕೊಡೋರು ಈ ದೇಶದಲ್ಲಿ ಇದ್ದಾರಾ ಅಂತ.

ಅಂದ ಹಾಗೆ ಗ್ಯಾರಂಟಿಯಿಂದಲೇ ರಾಜ್ಯ ಮುಳುಗಿತು ಅನ್ನೋರು ಇನ್ನೇನು ಬರ್ತಾರೆ. ಅದಕ್ಕೆ ಮೊದಲೇ ಕೇಳ್ತೀನಿ, ದೊಡ್ಡವರ ಲಕ್ಷ ಕೋಟಿ ಸಾಲ ರೈಟ್ ಆಫ್ ಆದಾಗ ಇವರೆಲ್ಲ ಎಲ್ಲಿದ್ರು?

---

ಹಳೇ_ಕ್ಯಾಷಿಯರ್

ವೀರಪ್ಪಾ, ರೈಟ್ ಆಫ್ ಅಂದರೆ ಮನ್ನಾ ಅಲ್ಲ. ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ತೆಗೆದು ಪಕ್ಕಕ್ಕಿಡುತ್ತದೆ, ವಸೂಲಿ ಹಕ್ಕು ಹಾಗೇ ಇರುತ್ತದೆ. ಇದನ್ನ ಸಾವಿರ ಸಲ ಹೇಳಿದ್ದೇನೆ. ವಸೂಲಾಗುವುದು ಎಷ್ಟು ಅಂತ ಕೇಳಿದರೆ ಮಾತ್ರ ತಲೆ ತಗ್ಗಿಸಬೇಕು.

ಅದರಲ್ಲಿ ನನ್ನದೂ ತಪ್ಪಿದೆ. 2015ರಲ್ಲಿ ರಿಸರ್ವ್ ಬ್ಯಾಂಕ್ ಎಲ್ಲರ ಪುಸ್ತಕ ತೆಗೆಸಿ ಪರಿಶೀಲನೆ ಮಾಡಿಸಿತು. ಅಲ್ಲಿಯವರೆಗೆ ಮುಚ್ಚಿಟ್ಟಿದ್ದೆಲ್ಲ ಹೊರಬಂತು. 2018ರ ಮಾರ್ಚ್ ಹೊತ್ತಿಗೆ ಬ್ಯಾಂಕುಗಳು ಕೊಟ್ಟ ನೂರು ರೂಪಾಯಿಯಲ್ಲಿ 11 ರೂಪಾಯಿಗಿಂತ ಜಾಸ್ತಿ ಕೆಟ್ಟ ಸಾಲ. ಮುಚ್ಚಿಡುವುದು ಹೇಗೆ ಅಂದರೆ, ಕಂಪನಿ ಬಡ್ಡಿ ಕಟ್ಟಲಾರದೆ ಕೂತಾಗ ಅದಕ್ಕೆ ಇನ್ನೊಂದು ಹೊಸ ಸಾಲ ಕೊಡುವುದು, ಅದರಲ್ಲೇ ಹಳೆ ಬಡ್ಡಿ ಕಟ್ಟಿಸಿಕೊಳ್ಳುವುದು. ಟೈಲರ್ ಅಕ್ಕನ ಮೂರನೇ ಸಾಲ, ನಾಲ್ಕನೇ ಸಾಲ ಇದ್ದವಲ್ಲ, ಅದೇ. ಕೋಟಿಯಲ್ಲಿ ಮಾಡಿದರೆ ಅದಕ್ಕೆ ಮರುಹೊಂದಾಣಿಕೆ ಅಂತ ಹೆಸರು. ಅದರ ನೋಟ್ ಶೀಟುಗಳ ಮೇಲೆ ನನ್ನ ಸಹಿಯೂ ಇತ್ತು, ಕೆಳಗಿನ ಮೂಲೆಯಲ್ಲಿ.

ತಂಗೀ, ನಿಮ್ಮ ಆ 25 ಸಾವಿರದ ಗುಟ್ಟು ಹೇಳುತ್ತೇನೆ. 2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ನಿಯಮ ಏನೆಂದರೆ, ಮೈಕ್ರೋಫೈನಾನ್ಸ್ ಸಾಲಕ್ಕೆ ಮನೆಯ ಆದಾಯ ವರ್ಷಕ್ಕೆ 3 ಲಕ್ಷದೊಳಗೆ ಇರಬೇಕು, ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ನಿಜವಾದ 18 ಸಾವಿರ ಬರೆದಿದ್ದರೆ ಕಂತಿನ ಮಿತಿ 9 ಸಾವಿರ, ನಿಮಗೆ ಕೊನೆಯ ಸಾಲ ಸಿಗುತ್ತಲೇ ಇರಲಿಲ್ಲ. 25 ಬರೆದರೆ ವರ್ಷಕ್ಕೆ ಸರಿಯಾಗಿ 3 ಲಕ್ಷ, ಮಿತಿ 12,500. ನಿಮ್ಮ 11,500 ಅದರೊಳಗೆ ಕೂತಿತು. ನಿಯಮ ಒಂದೂ ಮುರಿದಿಲ್ಲ ಕಾಗದದ ಮೇಲೆ. ಕರ್ನಾಟಕದ 24.91% ನೋಡಿದಾಗ ನನಗೆ ನೆನಪಾದದ್ದೂ ಇಂಥ ಫಾರಂಗಳೇ. ಎರಡೂ ಒಂದೇ ಅಂತ ಹೇಳುತ್ತಿಲ್ಲ. ಗೆರೆಗೆ ಇಷ್ಟು ಹತ್ತಿರ ನಿಲ್ಲುವ ಅಂಕಿ ಕಂಡರೆ ಮಾತ್ರ ನನ್ನ ಕೈ ತಾನಾಗಿ ಕನ್ನಡಕ ಹುಡುಕುತ್ತದೆ.

ಈಗ ಮಾಡಬೇಕಾದದ್ದು. ಐದನೇ ಸಾಲ ಬೇಡವೇ ಬೇಡ. ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಹೆಸರಿನ ಸಾಲಗಳ ಪಟ್ಟಿ, ತೆಗೆಸಿ. ಸಿಬಿಲ್ ಒಂದೇ ಅಲ್ಲ, ಸಿಆರ್‌ಐಎಫ್ ಹೈ ಮಾರ್ಕ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಅಂತ ಇದನ್ನ ಕೊಡುವ ಕಂಪನಿಗಳು ಒಟ್ಟು ನಾಲ್ಕಿವೆ. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಲೇಬೇಕು. ಮಗನಿಗೆ ಹೇಳಿ, ಫೋನಿನಲ್ಲೇ ಆಗುತ್ತದೆ. ನಿಮ್ಮ ಹೆಸರಿನಲ್ಲಿ ನಿಮಗೆ ಗೊತ್ತಿಲ್ಲದ ಸಾಲ ಇದೆಯಾ ನೋಡಿ, ಗುಂಪಿನಲ್ಲಿ ಒಬ್ಬರ ಹೆಸರಲ್ಲಿ ಇನ್ನೊಬ್ಬರು ತಗೊಳ್ಳುವುದು ಬಹಳ. ಆಮೇಲೆ ಪ್ರತಿ ಕಂಪನಿಯ ಸಾಲದ ಕಾರ್ಡ್ ತೆಗೆದು ಉಳಿದ ಅಸಲು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆ ಇಲ್ಲಿ ಹಾಕಬೇಡಿ, ನನಗೆ ಮೆಸೇಜ್ ಮಾಡಿ. ಯಾವುದನ್ನ ಮೊದಲು ಮುಗಿಸಬೇಕು ಅಂತ ಕೂತು ನೋಡೋಣ.

---

ಮಂಡ್ಯದ_ಟೈಲರ್_ಅಕ್ಕ

ಆಗಲಿ ಸರ್. ಕಾರ್ಡ್ ಮೂರು ಸಿಕ್ಕಿದಾವೆ. ನಾಲ್ಕನೇದು ಹುಡುಕ್ತಿದೀನಿ.

---

ಉದ್ರಿ_ಅಂಗಡಿ

ಎಲ್ಲವನ್ನೂ ಮಾವನಿಗೆ ಓದಿ ಹೇಳಿದೆ. ಜಪಾನ್ ಬಂದಾಗ ಮುಖ ಸಣ್ಣದಾಯಿತು, ಲಂಕಾ ಬಂದಾಗ ಮತ್ತೆ ಅರಳಿತು. ಅಕ್ಕನ ಜಗುಲಿಯ ಮಾತು ಓದುವಾಗ ಚಹಾದಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಒಬ್ಬರಂತೂ ಎದ್ದು ಹೋದರು, ಅವರ ಮನೆಯಲ್ಲೂ ಮಂಗಳವಾರದ ಕಂತು.

ಪಂದ್ಯ ಯಾರೂ ಗೆದ್ದಿಲ್ಲ ಅಂತ ತೀರ್ಮಾನ ಆಯಿತು. ಮಾವ ಬಿಡಲಿಲ್ಲ, ಅರ್ಧ ವಾರ ನೀನು, ಅರ್ಧ ವಾರ ನಾನು ಅಂದರು. ಮೊದಲ ದಿನದ್ದು ನನ್ನ ಪಾಳಿ. ಏಳು ಪ್ಲೇಟ್ ಗಿರ್ಮಿಟ್ ಹೇಳಿ ಕಿಸೆ ಮುಟ್ಟಿಕೊಂಡರೆ ಪರ್ಸ್ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ಚಹಾದಂಗಡಿಯವ ಏನೂ ಅನ್ನದೆ ಒಂದು ಹಳೆ ನೋಟ್‌ಬುಕ್ ತೆಗೆದು ನನ್ನ ಹೆಸರು ಬರೆದುಕೊಂಡ. ಅವನಿಗೂ ಒಂದು ಪುಸ್ತಕ ಇದೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.